ತಟ್ಟೆಯನ್ನು ಮೊದಲು ತಿರುಗಿಸಿ ನೋಡಿ: ಜಪಾನಿನ ಪಿಂಗಾಣಿ ಮತ್ತು ಕರಕುಶಲ ವಸ್ತುಗಳ ಸಂಗ್ರಹಕ್ಕೊಂದು ಮಾರ್ಗದರ್ಶಿ

ಜಪಾನಿನ ಕರಕುಶಲ ವಸ್ತುಗಳನ್ನು ಸಂಗ್ರಹಿಸಲು ಹೊರಟವರ ಕಣ್ಣು ಮೊದಲು ಹೋಗುವುದು ಮೈತುಂಬ ಚಿನ್ನ ಬಳಿದ ಹೂದಾನಿಗಳ ಮೇಲೆ, ಸಮುರಾಯಿಗಳ ಚಿತ್ರವಿರುವ ದೊಡ್ಡ ತಟ್ಟೆಗಳ ಮೇಲೆ. ಇಂಥವುಗಳಲ್ಲಿ ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದೀಚೆಗೆ ಯೂರೋಪು ಮತ್ತು ಅಮೆರಿಕದ ಮನೆಗಳಿಗೆಂದೇ ಲೆಕ್ಕವಿಲ್ಲದಷ್ಟು ತಯಾರಾದವು. ನಕಲಿಗಳ ಕಾಟವೂ ಇವುಗಳಲ್ಲೇ ಹೆಚ್ಚು. ಆದ್ದರಿಂದ ಈ ಲೇಖನ ಬೇರೆ ಕ್ರಮವನ್ನು ಸೂಚಿಸುತ್ತದೆ. ಕಡಿಮೆ ಬೆಲೆಯ, ಆದರೆ ನಿಜವಾಗಿಯೂ ಹಳೆಯದಾದ ಅಥವಾ ನಿಜವಾಗಿಯೂ ಕೈಯಿಂದ ಮಾಡಿದ ಸಣ್ಣ ವಸ್ತುಗಳಿಂದ ಆರಂಭಿಸಬೇಕು. ಅವುಗಳ ತಳವನ್ನು ಓದುವುದನ್ನು ಕಲಿಯಬೇಕು. ದುಬಾರಿಯ ಮತ್ತು ಹೆಸರಾಂತ ವಸ್ತುಗಳ ಕಡೆಗೆ ಆಮೇಲೆ ಹೋಗಬೇಕು.

ಮೊದಲು ಒಂದು ಕ್ಷೇತ್ರವನ್ನು ಆರಿಸಿಕೊಳ್ಳಿ

ಜಪಾನಿನಲ್ಲಿ ಮಣ್ಣಿನ ವಸ್ತುಗಳನ್ನು ಸ್ಥೂಲವಾಗಿ ಎರಡು ಕುಲಗಳಾಗಿ ನೋಡುತ್ತಾರೆ. ಬಿಳಿಕಲ್ಲನ್ನು ಪುಡಿಮಾಡಿ ಕಲಸಿ, ಹೆಚ್ಚಿನ ಶಾಖದಲ್ಲಿ ಸುಟ್ಟ, ತೆಳುವಾಗಿದ್ದರೆ ಬೆಳಕು ಹಾಯುವ ಪಿಂಗಾಣಿ ಒಂದು. ಜೇಡಿಮಣ್ಣಿನಿಂದ ಮಾಡಿದ, ಮಣ್ಣಿನ ಬಣ್ಣ ಮತ್ತು ಒರಟುತನವನ್ನು ಉಳಿಸಿಕೊಂಡ ಪಾತ್ರೆಗಳು ಇನ್ನೊಂದು. ಬೆರಳಿನ ಗೆಣ್ಣಿನಿಂದ ಮೆಲ್ಲನೆ ತಟ್ಟಿದರೆ ಪಿಂಗಾಣಿ ಲೋಹದಂತೆ ಸದ್ದು ಮಾಡುತ್ತದೆ, ಮಣ್ಣಿನ ಪಾತ್ರೆಯ ಸದ್ದು ಮಂದವಾಗಿರುತ್ತದೆ. ಈ ಎರಡರ ಚರಿತ್ರೆ, ಮಾರುಕಟ್ಟೆ, ಸೌಂದರ್ಯದ ಅಳತೆಗೋಲು ಎಲ್ಲವೂ ಬೇರೆಬೇರೆಯಾದ್ದರಿಂದ ಎರಡನ್ನೂ ಒಟ್ಟಿಗೆ ಕಲಿಯಲು ಹೋಗುವುದು ಹೊಸಬರಿಗೆ ಭಾರವಾಗುತ್ತದೆ.

ಪಿಂಗಾಣಿಯ ತವರು ಕ್ಯೂಶೂ ದ್ವೀಪದ ಅರಿತ ಎಂಬ ಊರು. ಜಪಾನಿನ ಆಗಿನ ಅಧಿಪತಿ ಹಿದೆಯೋಶಿಯ ಸೇನೆ 1592ರಿಂದ 1598ರವರೆಗೆ ಕೊರಿಯಾದ ಮೇಲೆ ನಡೆಸಿದ ದಂಡಯಾತ್ರೆಗಳ ಕಾಲದಲ್ಲಿ ಅಲ್ಲಿನ ಅನೇಕ ಕುಂಬಾರರನ್ನು ಜಪಾನಿಗೆ ಕರೆತರಲಾಯಿತು. ಅವರಲ್ಲೊಬ್ಬನಾದ ಯಿ ಸಾಮ್‌ಪ್ಯೊಂಗ್ ಅರಿತದ ಇಜುಮಿಯಾಮ ಗುಡ್ಡದಲ್ಲಿ ಪಿಂಗಾಣಿಗೆ ತಕ್ಕ ಕಲ್ಲನ್ನು ಕಂಡುಹಿಡಿದನೆಂದೂ, 1616ರಲ್ಲಿ ಜಪಾನಿನ ಪಿಂಗಾಣಿ ಹುಟ್ಟಿತೆಂದೂ ಆ ಊರಿನ ಪರಂಪರೆ ಹೇಳುತ್ತದೆ. ಚೀನಾದಲ್ಲಿ ಮಿಂಗ್ ಮನೆತನ ಕುಸಿದು ಯುದ್ಧಗಳು ನಡೆಯುತ್ತಿದ್ದಾಗ ಡಚ್ ಈಸ್ಟ್ ಇಂಡಿಯಾ ಕಂಪನಿ ಪಿಂಗಾಣಿಗಾಗಿ ಅರಿತದ ಕಡೆಗೆ ತಿರುಗಿ, 1659ರಲ್ಲಿ ದೊಡ್ಡ ಬೇಡಿಕೆಯನ್ನೇ ಇಟ್ಟಿತು. ಸರಕು ಹಡಗು ಹತ್ತುತ್ತಿದ್ದದ್ದು ಹತ್ತಿರದ ಇಮಾರಿ ಬಂದರಿನಲ್ಲಿ. ಹಾಗಾಗಿ ಅರಿತದ ಹಳೆಯ ಪಿಂಗಾಣಿಗೆ ಇಮಾರಿ ಎಂಬ ಹೆಸರೇ ನಿಂತಿತು. ಹಾಲಿನಂಥ ಬಿಳಿಯ ಮೇಲೆ ವಿರಳವಾಗಿ ಬಣ್ಣದ ಹೂಬಳ್ಳಿ ಬಿಡಿಸುವ ಕಾಕಿಎಮೊನ್ ಶೈಲಿ, ನಬೆಶಿಮ ದೊರೆಗಳ ಉಪಯೋಗಕ್ಕೆಂದು ಓಕವಾಚಿಯಾಮದಲ್ಲಿ ತಯಾರಾಗುತ್ತಿದ್ದ ನಬೆಶಿಮ ತಟ್ಟೆಗಳು, ಎಲ್ಲವೂ ಇದೇ ಸೀಮೆಯವು. ಈಗಿನ ಇಶಿಕಾವ ಪ್ರಾಂತದ ಕುತಾನಿ ಪಿಂಗಾಣಿ ಗಾಢ ಹಸಿರು, ಹಳದಿ, ನೇರಳೆ ಬಣ್ಣಗಳಿಗೆ ಹೆಸರಾದದ್ದು. ಆದರೆ ಹಳೆಯ ಕುತಾನಿ ಎಂದು ಕರೆಯಲಾಗುತ್ತಿದ್ದ ಎಷ್ಟೋ ತಟ್ಟೆಗಳನ್ನು, ಅರಿತದ ಆವಿಗೆಗಳಲ್ಲಿ ಉತ್ಖನನ ನಡೆದ ಮೇಲೆ, ಈಗ ಅರಿತದವೆಂದೇ ಪರಿಗಣಿಸಲಾಗುತ್ತಿದೆ. ತಜ್ಞರೇ ಇಷ್ಟು ಚರ್ಚಿಸುವ ವಸ್ತುವಿಗೆ ಹೊಸ ಸಂಗ್ರಾಹಕರು ಹಣ ಹಾಕುವುದು ಜಾಣತನವಲ್ಲ.

ಮಣ್ಣಿನ ಪಾತ್ರೆಗಳಲ್ಲಿ ಆರು ಪುರಾತನ ಆವಿಗೆಗಳೆಂದು ಹೆಸರಾದವು ಸೆತೊ, ತೊಕೊನಾಮೆ, ಎಚಿಜೆನ್, ಶಿಗರಕಿ, ತಂಬ ಮತ್ತು ಬಿಜೆನ್. ಇವುಗಳಲ್ಲಿ ಬಿಜೆನ್ ಅಧ್ಯಯನಕ್ಕೆ ಬಹಳ ಅನುಕೂಲವಾದದ್ದು, ಏಕೆಂದರೆ ಅದರಲ್ಲಿ ಗ್ಲೇಜಿನ, ಎಂದರೆ ಗಾಜಿನಂಥ ಮೆರುಗಿನ, ಲೇಪವೂ ಇಲ್ಲ, ಚಿತ್ರವೂ ಇಲ್ಲ. ಪೈನ್ ಮರದ ಸೌದೆಯಲ್ಲಿ ಒಂದೆರಡು ವಾರ ಬೇಯುವಾಗ ಬೂದಿ ಬಿದ್ದು ಕರಗಿದ ಎಳ್ಳಿನಂಥ ಚುಕ್ಕೆಗಳು, ಭತ್ತದ ಹುಲ್ಲು ಸುತ್ತಿದ ಕಡೆ ಮೂಡಿದ ಕೆಂಪು ಗೆರೆಗಳು, ಕೆಂಡದಲ್ಲಿ ಹೂತುಹೋದ ಭಾಗದ ಬೂದು ನೀಲಿ, ಇಷ್ಟೇ ಅದರ ಅಲಂಕಾರ. ಹಗಿ, ಕರತ್ಸು ಮತ್ತು ಕ್ಯೋಟೊದ ರಾಕು ಪಾತ್ರೆಗಳು ಜಪಾನಿನ ಚಹಾ ಸಮಾರಂಭದ ಸಂಪ್ರದಾಯದೊಂದಿಗೆ ಬೆಳೆದವು. ಮಶಿಕೊ ಊರಿನ ಪಾತ್ರೆಗಳಿಗೆ ಜಗತ್ತಿನ ಗಮನ ಬಂದದ್ದು ಅಲ್ಲಿ ನೆಲೆಸಿದ ಕುಂಬಾರ ಹಮಾದ ಶೋಜಿಯಿಂದ (1894–1978). ಯಾನಗಿ ಸೋಎತ್ಸು ಮುಂದಾಗಿ ಕಟ್ಟಿದ, ದಿನಬಳಕೆಯ ಅನಾಮಧೇಯ ವಸ್ತುಗಳಲ್ಲಿ ಸೌಂದರ್ಯ ಕಂಡ ಮಿಂಗೇ ಚಳವಳಿಯ ಮುಖ್ಯರಲ್ಲಿ ಆತನೂ ಒಬ್ಬ.

ನನ್ನ ಸಲಹೆ ಇಷ್ಟು. ಹಳೆಯದು ಬೇಕೆನ್ನುವವರು ಸೋಬ ಚೊಕೊ ಎಂಬ ಸಣ್ಣ ಲೋಟಗಳಿಂದ, ಇಲ್ಲವೆ ಮೇಜಿ ಕಾಲದ (1868–1912) ಅಚ್ಚೊತ್ತಿದ ನೀಲಿ ತಟ್ಟೆಗಳಿಂದ ಆರಂಭಿಸಲಿ. ಹಿಡಿಯಿಲ್ಲದ, ಅಂಗೈಯೊಳಗೆ ಕೂರುವ ಸೋಬ ಚೊಕೊಗಳ ಆಕಾರ ಹೆಚ್ಚುಕಡಿಮೆ ಒಂದೇ. ಚಿತ್ರಗಳು ಮಾತ್ರ ಲೆಕ್ಕವಿಲ್ಲದಷ್ಟು. ಆಕಾರ ಬದಲಾಗದಿರುವುದರಿಂದಲೇ ಮಣ್ಣು, ನೀಲಿ, ಕುಂಚದ ಬೀಸು, ತಳದ ಕಡೆತ ಇವುಗಳ ವ್ಯತ್ಯಾಸ ಬೇಗ ಕಣ್ಣಿಗೆ ಹತ್ತುತ್ತದೆ. ಮೇಜಿ ಕಾಲದ ಅಚ್ಚಿನ ತಟ್ಟೆಗಳು ಜಪಾನಿನ ಸಂತೆಗಳಲ್ಲಿ ಇಂದಿಗೂ ಕೆಲವು ನೂರರಿಂದ ಕೆಲವು ಸಾವಿರ ಯೆನ್‌ಗಳೊಳಗೆ ಸಿಗುತ್ತವೆ. ಇಷ್ಟು ಅಗ್ಗದ ವಸ್ತುವನ್ನು ನಕಲು ಮಾಡಲು ಕಷ್ಟಪಡುವವರು ವಿರಳ. ಹೊಸದು ಬೇಕೆನ್ನುವವರು ಬಿಜೆನ್ ಅಥವಾ ಮಶಿಕೊದ ಇಂದಿನ ಕುಂಬಾರರ ಬಟ್ಟಲುಗಳನ್ನು ಕೊಳ್ಳಲಿ. ಚಹಾ ಸಮಾರಂಭದ ಬಟ್ಟಲುಗಳನ್ನು ಮಾತ್ರ ಸದ್ಯಕ್ಕೆ ದೂರವಿಡಿ, ಏಕೆಂದರೆ ಅವುಗಳ ಬೆಲೆ ಮಣ್ಣಿನಿಂದ ಮಾತ್ರ ನಿಶ್ಚಯವಾಗುವುದಿಲ್ಲ. ಕುಂಬಾರನ ವಂಶ, ಪೆಟ್ಟಿಗೆಯ ಬರಹ, ಯಾವ ಚಹಾ ಗುರು ಅದಕ್ಕೆ ಹೆಸರಿಟ್ಟರು ಎಂಬುದೆಲ್ಲ ಸೇರಿಕೊಳ್ಳುತ್ತದೆ.

ಕೊಳ್ಳುವ ಮುನ್ನ ನೋಡಬೇಕಾದ ಜಾಗಗಳು

ಕರ್ನಾಟಕದಿಂದ ಒಂದು ರಾತ್ರಿಯ ಪ್ರಯಾಣದಲ್ಲಿ ತಲುಪಬಹುದಾದ ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿ ಜಪಾನಿನ ಪಿಂಗಾಣಿ ಮತ್ತು ಇತರ ಕಲಾವಸ್ತುಗಳ ವಿಭಾಗವಿದೆ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಟಾಟಾ ಮನೆತನದವರಿಂದ ಬಂದ ಚೀನಾ ಮತ್ತು ಜಪಾನಿನ ವಸ್ತುಗಳ ಸಂಗ್ರಹವೂ ನೋಡತಕ್ಕದ್ದು. ಇವೆರಡೂ ಶ್ರೀಮಂತರ ಅಭಿರುಚಿಯಿಂದ ಹುಟ್ಟಿದ ಸಂಗ್ರಹಗಳಾದ್ದರಿಂದ ರಫ್ತಿನ ವೈಭವದ ವಸ್ತುಗಳೇ ಅಲ್ಲಿ ಮುಂದೆ ನಿಲ್ಲುತ್ತವೆ ಎಂಬುದು ನೆನಪಿರಲಿ. ಬಿಜೆನ್ ಪರಂಪರೆ ನಮ್ಮ ನೆರೆಯಲ್ಲೇ ಬೇರುಬಿಟ್ಟಿರುವುದನ್ನು ಕಾಣಬೇಕಾದರೆ ಪುದುಚೇರಿಯ ಗೋಲ್ಡನ್ ಬ್ರಿಡ್ಜ್ ಪಾಟರಿಯನ್ನು ನೆನೆಯಬೇಕು. 1971ರಲ್ಲಿ ಅದನ್ನು ರೇ ಮೀಕರ್ ಜೊತೆಗೂಡಿ ಆರಂಭಿಸಿದ ಡೆಬೊರಾ ಸ್ಮಿತ್ ಬಿಜೆನ್‌ನಲ್ಲಿ ಕೆಲಸ ಕಲಿತು ಬಂದವರು, ಮತ್ತು ಇಂದಿನ ಭಾರತದ ಸ್ಟುಡಿಯೊ ಕುಂಬಾರರಲ್ಲಿ ಅನೇಕರು ಅಲ್ಲಿ ತರಬೇತಿ ಪಡೆದವರು.

ಜಪಾನಿಗೆ ಹೋಗುವ ಅವಕಾಶವಿದ್ದವರು ಅರಿತದಲ್ಲಿರುವ ಕ್ಯೂಶೂ ಸೆರಾಮಿಕ್ ಮ್ಯೂಸಿಯಂ ಅನ್ನು ಬಿಡಬಾರದು. ಅಲ್ಲಿನ ಶಿಬಾತ ಸಂಗ್ರಹದಲ್ಲಿ ಅರಿತದ ಹತ್ತು ಸಾವಿರಕ್ಕೂ ಹೆಚ್ಚು ವಸ್ತುಗಳಿದ್ದು, ಇಮಾರಿಯ ಕಾಲನಿರ್ಣಯ ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ಇನ್ನೊಂದಿಲ್ಲ. ಟೋಕಿಯೊದ ಕೊಮಾಬಾದಲ್ಲಿ 1936ರಲ್ಲಿ ಯಾನಗಿ ತೆರೆದ ನಿಹೊನ್ ಮಿಂಗೇಕಾನ್ ಎಂಬ ಮಿಂಗೇ ಸಂಗ್ರಹಾಲಯ, ಒಸಾಕಾದ ಓರಿಯೆಂಟಲ್ ಸೆರಾಮಿಕ್ಸ್ ಸಂಗ್ರಹಾಲಯ, ಕ್ಯೋಟೊದ ಕಿಯೊಮಿಜು ಸನ್ನೆಂಜಾಕ ಸಂಗ್ರಹಾಲಯ ಇವು ಉಳಿದ ಮುಖ್ಯ ಜಾಗಗಳು. ಮೇಜಿ ಕಾಲದ ಲೋಹ, ಮೆರುಗಿನ ಮರಗೆಲಸ, ಎನಾಮೆಲ್ ಕೆಲಸಕ್ಕೆ ಕೊನೆಯದೇ ಸರಿ.

ತಿರುಗಿಸಿ ನೋಡುವ ಕ್ರಮ

ವಸ್ತುವನ್ನು ಎತ್ತುವ ಮುನ್ನ ಉಂಗುರ, ಗಡಿಯಾರ, ಬಳೆಗಳನ್ನು ತೆಗೆಯಿರಿ. ಎರಡೂ ಕೈಯಲ್ಲಿ ಹಿಡಿಯಿರಿ. ಮೇಜಿನಿಂದ ಹೆಚ್ಚು ಮೇಲೆತ್ತಬೇಡಿ. ಹಿಡಿ, ಮೂತಿ, ಅಂಚು ಯಾವುದನ್ನೂ ಹಿಡಿದು ಎತ್ತುವಂತಿಲ್ಲ. ಮುಚ್ಚಳವಿದ್ದರೆ ಅದನ್ನು ಮೊದಲು ಬೇರೆಯಿಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿಯೊಂದು, ಟಾರ್ಚೊಂದು, ಅಳತೆಯ ಟೇಪೊಂದು ಜೇಬಿನಲ್ಲಿದ್ದರೆ ಸಾಕು.

ಈಗ ತಳ ನೋಡಿ. ತಟ್ಟೆ ಅಥವಾ ಬಟ್ಟಲು ಕೂರುವ ಉಂಗುರದಂಥ ಪಾದಕ್ಕೆ ಜಪಾನಿಗಳು ಕೊದಾಯ್ ಎನ್ನುತ್ತಾರೆ. ಅಲ್ಲಿ ಗ್ಲೇಜು ಇರುವುದಿಲ್ಲವಾದ್ದರಿಂದ ಮಣ್ಣಿನ ನಿಜವಾದ ಬಣ್ಣ ಮತ್ತು ಕಣ ಕಾಣುವುದು ಅಲ್ಲಿ ಮಾತ್ರ. ದಶಕಗಳ ಕಾಲ ಬಳಸಿದ ತಟ್ಟೆಯ ಪಾದ ಸವೆದು ನುಣುಪಾಗಿರುತ್ತದೆ, ಆದರೆ ಸವೆತ ಎಲ್ಲ ಕಡೆ ಸಮನಾಗಿರುವುದಿಲ್ಲ. ಸುತ್ತಲೂ ಒಂದೇ ಸಮನಾಗಿ ಬಳಿದಂತಿರುವ ಕಂದು ಕೊಳೆ ಅನುಮಾನಕ್ಕೆ ಕಾರಣ. ಚಹಾ ಕಷಾಯದಲ್ಲಿ ಅದ್ದಿ ಹಳೆಯದರಂತೆ ಮಾಡುವುದು ಎಲ್ಲ ದೇಶದ ನಕಲುಗಾರರಿಗೂ ಗೊತ್ತಿರುವ ವಿದ್ಯೆ. ಹದಿನೇಳನೆಯ ಶತಮಾನದ ಆರಂಭದ ಇಮಾರಿ ತಟ್ಟೆಗಳಲ್ಲಿ ಪಾದ ತೀರ ಚಿಕ್ಕದು, ತಟ್ಟೆಯ ಅಗಲದ ಮೂರನೆಯ ಒಂದು ಭಾಗದಷ್ಟು. ಮುಂದೆ ಅದು ಅಗಲವಾಗುತ್ತ ಹೋಯಿತು. ದೊಡ್ಡ ಅರಿತ ತಟ್ಟೆಗಳ ತಳದಲ್ಲಿ, ಪಾದದ ಉಂಗುರದೊಳಗೆ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒರಟು ಚುಕ್ಕೆಗಳು ಒಂದೋ ನಾಲ್ಕಾರೋ ಇರುತ್ತವೆ. ಆವಿಗೆಯಲ್ಲಿ ತಟ್ಟೆಯ ನಡುಭಾಗ ಕುಸಿಯದಂತೆ ಆನಿಸಿಟ್ಟ ಮಣ್ಣಿನ ಮೊಳೆಗಳ ಗುರುತು ಅವು. ಚೀನಾದ ಪಿಂಗಾಣಿಯಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಎರಡನ್ನು ಬೇರ್ಪಡಿಸಲು ಇದೊಂದು ಒಳ್ಳೆಯ ಸುಳಿವು. ತಳದ ನಡುವೆ ಗ್ಲೇಜಿರುವ ಸಣ್ಣ ತಗ್ಗು, ಅದರ ಸುತ್ತ ಗ್ಲೇಜಿಲ್ಲದ ಅಗಲವಾದ ಉಂಗುರ ಇದ್ದರೆ ಅದು ಹಾವಿನ ಕಣ್ಣು ಎಂಬ ಹೆಸರಿನ ತಳ. ಇದು ಹದಿನೆಂಟನೆಯ ಶತಮಾನದ ಉತ್ತರಾರ್ಧ ಮತ್ತು ಅದರ ನಂತರದ ವಸ್ತುಗಳಲ್ಲಿ ಹೆಚ್ಚು. ನಬೆಶಿಮ ತಟ್ಟೆಗಳ ಎತ್ತರದ ಪಾದದ ಸುತ್ತ ನೀಲಿಯಲ್ಲಿ ಬಾಚಣಿಗೆಯ ಹಲ್ಲುಗಳಂಥ ಗೆರೆಗಳಿರುತ್ತವೆ. ಮೇಜಿ ಕಾಲದಿಂದಲೂ ಅದನ್ನು ಅನುಕರಿಸುತ್ತ ಬಂದಿದ್ದಾರೆ.

ತಳದ ಮುದ್ರೆಯನ್ನು ಕೊನೆಯಲ್ಲಿ ಓದಿ, ಮೊದಲಲ್ಲ. ಎಷ್ಟೋ ಇಮಾರಿ ತಟ್ಟೆಗಳ ಹಿಂದೆ ಚೀನೀ ಲಿಪಿಯಲ್ಲಿ "ಮಹಾ ಮಿಂಗ್, ಚೆಂಗ್‌ಹುವಾ ಆಳ್ವಿಕೆಯಲ್ಲಿ ತಯಾರಾದದ್ದು" ಎಂದು ಬರೆದಿರುತ್ತದೆ. ಆ ಚಕ್ರವರ್ತಿ ಆಳಿದ್ದು 1465ರಿಂದ 1487ರವರೆಗೆ; ಆಗ ಜಪಾನಿನಲ್ಲಿ ಪಿಂಗಾಣಿಯೇ ಇರಲಿಲ್ಲ. ಇದನ್ನು ಮೋಸವೆನ್ನುವುದಕ್ಕಿಂತ ಚೀನೀ ಪಿಂಗಾಣಿಗೆ ಸಲ್ಲಿಸಿದ ಗೌರವವೆನ್ನಬಹುದು, ಕಾಲನಿರ್ಣಯಕ್ಕೆ ಮಾತ್ರ ಅದು ಬರುವುದಿಲ್ಲ. ಸೌಭಾಗ್ಯವನ್ನು ಸೂಚಿಸುವ ಫುಕು ಎಂಬ ಅಕ್ಷರವೂ ಹಾಗೆಯೇ ಎಲ್ಲೆಲ್ಲೂ ಕಾಣುತ್ತದೆ. ರಫ್ತಿನ ವಸ್ತುಗಳಲ್ಲಿ ರೋಮನ್ ಅಕ್ಷರಗಳ ಮುದ್ರೆ ಹೆಚ್ಚು ಉಪಯುಕ್ತ. ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕದ 1890ರ ಮ್ಯಾಕಿನ್ಲಿ ಸುಂಕ ಕಾಯಿದೆ ವಿಧಿಸಿದ ಮೇಲೆ, 1891ರಿಂದ ಜಪಾನಿನ ಪಿಂಗಾಣಿಯ ಮೇಲೆ "ನಿಪ್ಪಾನ್" ಎಂದು ಬರೆಯತೊಡಗಿದರು. 1921ರಲ್ಲಿ ಆ ಹೆಸರು ಸಲ್ಲದು, "ಜಪಾನ್" ಎಂದೇ ಇರಬೇಕು ಎಂದು ಅಮೆರಿಕ ನಿರ್ಧರಿಸಿತು. ಎರಡನೆಯ ಮಹಾಯುದ್ಧದ ನಂತರ, ಮಿತ್ರರಾಷ್ಟ್ರಗಳ ಸೇನೆ ಜಪಾನನ್ನು ಹಿಡಿದಿದ್ದ 1952ರವರೆಗಿನ ಕಾಲದ ರಫ್ತು ಸರಕಿನ ಮೇಲೆ "ಆಕ್ಯುಪೈಡ್ ಜಪಾನ್" ಎಂಬ ಮುದ್ರೆ ಸಿಗುತ್ತದೆ. ಈ ಮುದ್ರೆಗಳ ನಕಲುಗಳೂ ಇವೆ. ಜಪಾನಿನೊಳಗೇ ಬಳಕೆಯಾದ ವಸ್ತುಗಳ ಮೇಲೆ ಇಂಥ ಮುದ್ರೆ ಇರುವ ಪ್ರಶ್ನೆಯೇ ಇಲ್ಲ.

ಸತ್ಸುಮದ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಕಾಗೊಶಿಮಾದ ಸತ್ಸುಮ ಸೀಮೆಯಲ್ಲಿ ಕೊರಿಯಾ ಮೂಲದ ಕುಂಬಾರರು ಬೆಳೆಸಿದ, ಕೆನೆಬಣ್ಣದ ಮೈಮೇಲೆ ಕೂದಲೆಳೆಯ ಬಿರುಕುಗಳ ಬಲೆಯಿರುವ ಈ ಕೆಲಸ 1867ರ ಪ್ಯಾರಿಸ್ ಪ್ರದರ್ಶನದ ನಂತರ ಪಶ್ಚಿಮದಲ್ಲಿ ಹುಚ್ಚು ಹಿಡಿಸಿತು. ಬೇಡಿಕೆ ತುಂಬಿಸಲು ಕ್ಯೋಟೊ, ಒಸಾಕಾ, ಯೊಕೊಹಾಮಾಗಳಲ್ಲೂ ಅದೇ ಹೆಸರಿನಲ್ಲಿ ಚಿತ್ರ ಬಿಡಿಸತೊಡಗಿದರು. ಒಸಾಕಾದ ಯಾಬು ಮೇಜಾನ್, ಕ್ಯೋಟೊದ ಕಿಂಕೊಜಾನ್ ಕಾರ್ಯಾಗಾರಗಳ ಉತ್ತಮ ವಸ್ತುಗಳಲ್ಲಿ ಚಿಟ್ಟೆಯ ರೆಕ್ಕೆಯ ಗೆರೆಯೂ ಭೂತಗನ್ನಡಿಯ ಕೆಳಗೆ ಸ್ಪಷ್ಟವಾಗಿ ನಿಲ್ಲುತ್ತದೆ. ಉಳಿದದ್ದರಲ್ಲಿ ಬಹುಪಾಲು ಅವಸರದ ಕೆಲಸ. ವೃತ್ತದೊಳಗೆ ಶಿಲುಬೆಯಿರುವ, ಸತ್ಸುಮವನ್ನು ಆಳಿದ ಶಿಮಾಜು ದೊರೆಗಳ ಲಾಂಛನವಿದ್ದ ಮಾತ್ರಕ್ಕೆ ವಸ್ತು ಆ ಮನೆತನಕ್ಕೆ ಸೇರಿದ್ದೆಂದು ತಿಳಿಯಬಾರದು; "ರಾಯಲ್ ಸತ್ಸುಮ" ಎಂಬ ಇಂಗ್ಲಿಷ್ ಮುದ್ರೆ ಕಂಡರಂತೂ ಅದು ಇತ್ತೀಚಿನದೆಂದು ಧಾರಾಳವಾಗಿ ಕೆಳಗಿಡಬಹುದು.

ತಳದ ಕೆಲಸ ಮುಗಿದ ಮೇಲೆ ಮುಖ ನೋಡಿ. ಹಳೆಯ ಇಮಾರಿಯ ನೀಲಿ ಸ್ವಲ್ಪ ಬೂದು ಮಿಶ್ರಿತ, ಅಂಚಿನಲ್ಲಿ ಮೆಲ್ಲನೆ ಹರಡಿಕೊಂಡದ್ದು. ಜರ್ಮನ್ ರಸಾಯನ ಶಾಸ್ತ್ರಜ್ಞ ಗಾಟ್‌ಫ್ರೀಡ್ ವಾಗೆನರ್ 1870ರಲ್ಲಿ ಅರಿತಕ್ಕೆ ಬಂದು ಕೃತಕ ಕೋಬಾಲ್ಟನ್ನು ಪರಿಚಯಿಸಿದ ಮೇಲೆ ನೀಲಿ ಕಣ್ಣು ಕುಕ್ಕುವಷ್ಟು ಪ್ರಖರವಾಯಿತು. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಮೇಜಿಗೂ ಹಿಂದಿನ ಎಡೊ ಕಾಲದ್ದೆಂದು ಮಾರುವ ಎಷ್ಟೋ ತಟ್ಟೆಗಳನ್ನು ಮೇಜಿ ಕಾಲಕ್ಕೆ ಇಳಿಸಬಹುದು. ಅಚ್ಚಿನ ತಟ್ಟೆಗಳಲ್ಲಿ, ಕತ್ತರಿಸಿದ ಕಾಗದದ ಅಚ್ಚಿನಿಂದ ಬಣ್ಣ ಒತ್ತಿದ್ದರೆ ಗೆರೆಗಳು ಅಲ್ಲಲ್ಲಿ ತುಂಡಾಗಿರುತ್ತವೆ; ತಾಮ್ರದ ತಗಡಿನಿಂದ ಮುದ್ರಿಸಿದ್ದರೆ ಕೂದಲಿನಷ್ಟು ಸಣ್ಣ ಗೆರೆಗಳು ಒತ್ತೊತ್ತಾಗಿರುತ್ತವೆ. ಎರಡರಲ್ಲೂ ಕಾಗದದ ತುದಿಗಳು ಸೇರುವ ಕಡೆ ವಿನ್ಯಾಸ ಹೊಂದದೆ ಹೆಜ್ಜೆ ತಪ್ಪುವುದುಂಟು, ಮತ್ತು ಸಂಗ್ರಾಹಕರಿಗೆ ಪ್ರಿಯವಾದದ್ದೇ ಆ ಅಡ್ಡಾದಿಡ್ಡಿ. ಭೂತಗನ್ನಡಿಯಲ್ಲಿ ವೃತ್ತಪತ್ರಿಕೆಯ ಚಿತ್ರದಂತೆ ಕ್ರಮಬದ್ಧ ಚುಕ್ಕೆಗಳು ಕಂಡರೆ ಅದು ಆಧುನಿಕ ಸ್ಟಿಕ್ಕರು.

ಪೆಟ್ಟಿಗೆಯೂ ವಸ್ತುವಿನ ಭಾಗವೇ

ಜಪಾನಿನಲ್ಲಿ ಒಳ್ಳೆಯ ಪಾತ್ರೆ ಕಿರಿ ಎಂಬ ಹಗುರ ಮರದ ಪೆಟ್ಟಿಗೆಯೊಳಗೆ, ಬಟ್ಟೆಯಲ್ಲಿ ಸುತ್ತಿಕೊಂಡು, ಚಪ್ಪಟೆ ನೇಯ್ಗೆಯ ದಾರದ ಗಂಟಿನೊಂದಿಗೆ ಬರುತ್ತದೆ. ಕುಂಬಾರನೇ ಮುಚ್ಚಳದ ಮೇಲೆ ವಸ್ತುವಿನ ಹೆಸರು ಬರೆದು ಸಹಿ ಹಾಕಿ ಮುದ್ರೆಯೊತ್ತಿದ್ದರೆ ಅದು ತೊಮೊಬಾಕೊ. ವಂಶದ ಮುಂದಿನವರೋ ಪರಿಣತರೋ ನೋಡಿ ದೃಢೀಕರಿಸಿ ಬರೆದಿದ್ದರೆ ಕಿವಾಮೆಬಾಕೊ. ಬೇರೆಲ್ಲಿಂದಲೋ ತಂದು ಅಳತೆಗೆ ಹೊಂದಿಸಿದ್ದರೆ ಆವಾಸೆಬಾಕೊ. ಇದಕ್ಕೆ ರಕ್ಷಣೆಯ ಬೆಲೆಯಷ್ಟೇ. ಹಮಾದ ಶೋಜಿಯಂಥವರು ಪಾತ್ರೆಯ ಮೇಲೆ ಸಹಿ ಹಾಕುತ್ತಿರಲಿಲ್ಲ, ಪೆಟ್ಟಿಗೆಯ ಮೇಲೆ ಮಾತ್ರ ಹಾಕುತ್ತಿದ್ದರು. ಹೀಗಾಗಿ ಪೆಟ್ಟಿಗೆ ಕಳೆದುಹೋದರೆ ಬೆಲೆಯ ದೊಡ್ಡ ಪಾಲು ಹೋದಂತೆ, ಮತ್ತು ನಿಜವಾದ ಪೆಟ್ಟಿಗೆಯೊಳಗೆ ಬೇರೆ ಪಾತ್ರೆ ಇಟ್ಟು ಮಾರುವ ಚಾಳಿಗೂ ಇದೇ ಮೂಲ. ಪಾತ್ರೆ ಪೆಟ್ಟಿಗೆಯಲ್ಲಿ ಸಡಿಲವಾಗಿ ಅಲ್ಲಾಡುತ್ತದೆಯೇ, ಮುಚ್ಚಳದ ಮೇಲಿನ ವಿವರಣೆ ಒಳಗಿರುವುದಕ್ಕೆ ಸರಿಹೊಂದುತ್ತದೆಯೇ, ಮುದ್ರೆ ಆ ಕುಂಬಾರನ ಬೇರೆ ಪೆಟ್ಟಿಗೆಗಳ ಮುದ್ರೆಯಂತಿದೆಯೇ ಎಂದು ಚಿತ್ರಗಳೊಂದಿಗೆ ಹೋಲಿಸಿ ನೋಡಿ. ಜಪಾನೀ ಬರಹ ಓದಲು ಬಾರದವರಿಗೂ ಅಕ್ಷರಗಳನ್ನು ಚಿತ್ರದಂತೆ ಹೋಲಿಸುವುದು ಸಾಧ್ಯ.

"ಜೀವಂತ ರಾಷ್ಟ್ರೀಯ ನಿಧಿ" ಎಂಬ ಮಾತನ್ನು ಮಾರಾಟಗಾರರು ಸುಲಭವಾಗಿ ಎಸೆಯುತ್ತಾರೆ. 1950ರ ಸಾಂಸ್ಕೃತಿಕ ಆಸ್ತಿ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಮುಖ್ಯ ಅಮೂರ್ತ ಕೌಶಲದ ಧಾರಕರೆಂದು ಸರ್ಕಾರ ಗುರುತಿಸಿದವರಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. 1955ರಲ್ಲಿ ಮೊದಲ ಬಾರಿಗೆ ಆಯ್ಕೆಯಾದವರಲ್ಲಿ ಹಮಾದ, ಶಿನೊ ಎಂಬ ಬಿಳಿ ಗ್ಲೇಜಿನ ಪಾತ್ರೆಗಳ ಅರಕಾವ ತೊಯೊಜೊ ಇದ್ದರು. ಮಿಂಗೇ ಚಳವಳಿಯ ಇನ್ನೊಬ್ಬ ಕುಂಬಾರ ಕವಾಯ್ ಕಾಂಜಿರೊ ಆ ಗೌರವವನ್ನೇ ಬೇಡವೆಂದ. ಇಂದಿನ ದಿನಬಳಕೆಯ ವಸ್ತುಗಳಿಗೆ 1974ರ ಸಾಂಪ್ರದಾಯಿಕ ಕರಕುಶಲ ಕಾಯಿದೆಯಡಿ ಬೇರೆಯೇ ಮನ್ನಣೆಯಿದ್ದು, ಈವರೆಗೆ 240ಕ್ಕೂ ಹೆಚ್ಚು ಕಸುಬುಗಳು ಆ ಪಟ್ಟಿಯಲ್ಲಿವೆ. ಪರೀಕ್ಷೆಯಲ್ಲಿ ತೇರ್ಗಡೆಯಾದ ವಸ್ತುವಿನ ಮೇಲೆ ಅದರ ಚೀಟಿ ಅಂಟಿಸಿರುತ್ತಾರೆ.

ಊನಗಳ ಹೆಸರುಗಳು

ಜಪಾನೀ ಮಾರಾಟಗಾರರು ಊನಗಳನ್ನು ಸಾಮಾನ್ಯವಾಗಿ ಪ್ರಾಮಾಣಿಕವಾಗಿಯೇ ಬರೆಯುತ್ತಾರೆ, ಆದರೆ ತಮ್ಮ ಪರಿಭಾಷೆಯಲ್ಲಿ. ನ್ಯೂ ಎಂದರೆ ಅಂಚಿನಿಂದ ಒಳಗಿಳಿದ ಕೂದಲೆಳೆಯ ಬಿರುಕು. ಹೊತ್ಸು ಎಂದರೆ ಅಂಚಿನಲ್ಲಿ ಸಣ್ಣ ಚೂರು ಹಾರಿದ್ದು. ಕಾನ್‌ನ್ಯೂ ಎಂದರೆ ಗ್ಲೇಜಿನಲ್ಲಷ್ಟೇ ಇರುವ ಬಿರುಕುಗಳ ಬಲೆ, ಅದು ಊನವಲ್ಲ. ಮುಕಿಜು ಎಂದರೆ ಊನವಿಲ್ಲದ್ದು. ಆವಿಗೆಯಲ್ಲೇ ಆದ ಕಲೆಗಳನ್ನು ಬೇರೆಯಾಗಿ ಹೇಳುತ್ತಾರೆ, ಅವುಗಳಿಂದ ಬೆಲೆ ಅಷ್ಟಾಗಿ ಇಳಿಯುವುದಿಲ್ಲ. ತಟ್ಟಿದಾಗ ಪಿಂಗಾಣಿಯ ಸದ್ದು ಒಡಕಾಗಿದ್ದರೆ ಕಣ್ಣಿಗೆ ಕಾಣದ ನ್ಯೂ ಇದೆಯೆಂದೇ ತಿಳಿಯಿರಿ. ಬಣ್ಣ ಹಚ್ಚಿ ಮುಚ್ಚಿದ ರಿಪೇರಿಯನ್ನು ನೇರಳಾತೀತ ಟಾರ್ಚು ಹೆಚ್ಚಿನ ಸಲ ಬಯಲಿಗೆಳೆಯುತ್ತದೆ, ಏಕೆಂದರೆ ಹೊಸ ಅಂಟು ಮತ್ತು ಬಣ್ಣ ಆ ಬೆಳಕಿನಲ್ಲಿ ಸುತ್ತಲಿನ ಮೈಗಿಂತ ಬೇರೆಯಾಗಿ ಹೊಳೆಯುತ್ತವೆ.

ಚಿನ್ನದ ಗೆರೆಯ ಕಿಂತ್ಸುಗಿ ರಿಪೇರಿ ಇಂದು ಜಗತ್ತಿಗೆಲ್ಲ ಪರಿಚಿತ. ಸಾಂಪ್ರದಾಯಿಕ ಕ್ರಮದಲ್ಲಿ ಉರುಶಿ ಎಂಬ ಮರದ ರಸದಿಂದ ತುಂಡುಗಳನ್ನು ಕೂಡಿಸಿ, ಪದರ ಪದರವಾಗಿ ತುಂಬಿ, ಕೊನೆಗೆ ಚಿನ್ನದ ಪುಡಿ ಉದುರಿಸುತ್ತಾರೆ. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಅಂಗಡಿಯ ಕಿಟ್‌ಗಳಲ್ಲಿ ಸಿಗುವುದು ಎಪಾಕ್ಸಿ ಅಂಟು ಮತ್ತು ಹಿತ್ತಾಳೆಯ ಪುಡಿ. ಅಂಥದರಲ್ಲಿ ರಿಪೇರಿಯಾದ ಬಟ್ಟಲಲ್ಲಿ ಊಟ ಮಾಡಬಾರದು. ಹಳೆಯ, ಒಳ್ಳೆಯ ಉರುಶಿ ರಿಪೇರಿಯಿರುವ ತಟ್ಟೆ ಊನವಿಲ್ಲದ್ದಕ್ಕಿಂತ ಎಷ್ಟೋ ಅಗ್ಗವಾಗಿ ಸಿಗುವುದರಿಂದ, ಹದಿನೇಳನೆಯ ಶತಮಾನದ ವಸ್ತುವೊಂದನ್ನು ಮನೆಯಲ್ಲಿಟ್ಟುಕೊಳ್ಳಲು ಸಾಧಾರಣ ಜೇಬಿನವರಿಗೆ ಇರುವ ನೇರ ದಾರಿ ಇದೇ.

ಮಣ್ಣಿನಾಚೆ: ಉರುಶಿ, ಲೋಹ, ದಂತ

ಜಪಾನಿನ ಮೆರುಗಿನ ಮರಗೆಲಸವನ್ನು ನಮ್ಮ ಚನ್ನಪಟ್ಟಣದ ಅರಗಿನ ಕೆಲಸದೊಂದಿಗೆ ಒಂದೇ ಸಾಲಿನಲ್ಲಿಟ್ಟು ನೋಡುವ ಅಭ್ಯಾಸವಿದೆ. ವಸ್ತುವಿನಲ್ಲೇ ವ್ಯತ್ಯಾಸವಿದೆ. ಚನ್ನಪಟ್ಟಣದ ಅರಗು ಕೀಟದಿಂದ ಬಂದದ್ದು. ತಿರುಗಣಿಯಲ್ಲಿ ಸುತ್ತುವ ಮರಕ್ಕೆ ಒತ್ತಿ ಹಿಡಿದಾಗ ಉಜ್ಜಿನ ಶಾಖಕ್ಕೆ ಕರಗಿ ಹತ್ತಿಕೊಳ್ಳುತ್ತದೆ. ಉರುಶಿ ಮರದ ರಸ. ಅದು ಗಟ್ಟಿಯಾಗಲು ಶಾಖವಲ್ಲ, ತೇವ ಬೇಕು. ಇಶಿಕಾವ ಪ್ರಾಂತದ ವಾಜಿಮಾದಲ್ಲಿ ಮರದ ಅಂಚುಗಳಿಗೆ ಬಟ್ಟೆ ಅಂಟಿಸಿ, ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಪಳೆಯುಳಿಕೆಯಿಂದಾದ ಮಣ್ಣನ್ನು ಸುಟ್ಟು ಉರುಶಿಯಲ್ಲಿ ಕಲಸಿ ಪದರ ಕಟ್ಟುತ್ತಾರೆ. 2024ರ ಜನವರಿ 1ರ ನೋಟೊ ಭೂಕಂಪದಲ್ಲಿ ಆ ಊರಿನ ಎಷ್ಟೋ ಕಾರ್ಯಾಗಾರಗಳು ನೆಲಸಮವಾದವು ಅಥವಾ ಸುಟ್ಟುಹೋದವು. ಆದ್ದರಿಂದ ಈಗ ವಾಜಿಮಾ ಬಟ್ಟಲನ್ನು ಕೊಳ್ಳುವುದಾದರೆ ನೇರವಾಗಿ ಅಲ್ಲಿನ ಕುಶಲಕರ್ಮಿಗಳಿಂದ ಕೊಳ್ಳುವುದು ಸರಿ. ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ಸಿಂಪಡಿಸಿದ ಬಟ್ಟಲುಗಳು ದೂರದಿಂದ ಅದೇ ರೀತಿ ಕಾಣುತ್ತವೆ. ಕೈಯಲ್ಲಿ ಹಿಡಿದಾಗಿನ ತೂಕ, ಬಿಸಿ ಸಾರು ಹಾಕಿದಾಗ ಹೊರಮೈ ಎಷ್ಟು ಕಾಯುತ್ತದೆ ಎಂಬುದು ಮತ್ತು ತಳದ ಚೀಟಿ ವ್ಯತ್ಯಾಸ ತಿಳಿಸುತ್ತವೆ.

ಶಿಪ್ಪೊ ಎಂಬ ತಂತಿ ಎನಾಮೆಲ್ ಕೆಲಸದಲ್ಲಿ ಕ್ಯೋಟೊದ ನಾಮಿಕಾವ ಯಾಸುಯುಕಿ ಮತ್ತು ಟೋಕಿಯೊದ ನಾಮಿಕಾವ ಸೋಸುಕೆ ದೊಡ್ಡ ಹೆಸರುಗಳು, ಇಬ್ಬರಿಗೂ ರಕ್ತಸಂಬಂಧವಿಲ್ಲ. 1876ರಲ್ಲಿ ಕತ್ತಿ ಧರಿಸುವುದನ್ನು ನಿಷೇಧಿಸಿದಾಗ ಕತ್ತಿಯ ಹಿಡಿ, ಕಾಪುಗಳನ್ನು ಕೆತ್ತುತ್ತಿದ್ದವರು ಹೂದಾನಿ, ಧೂಪದಾನಿಗಳ ಕಡೆಗೆ ತಿರುಗಿದರು. ಮೇಜಿ ಲೋಹಕೆಲಸದ ಸೂಕ್ಷ್ಮತೆಗೆ ಅದೂ ಕಾರಣ. ನೆತ್ಸುಕೆ ಎಂಬ ಸಣ್ಣ ಕೆತ್ತನೆಗಳನ್ನು ಇಷ್ಟಪಡುವವರಿಗೆ ಎಚ್ಚರಿಕೆ: ದಂತದ್ದನ್ನು ಭಾರತಕ್ಕೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ಆದ ತಿದ್ದುಪಡಿಯ ನಂತರ ಆಫ್ರಿಕಾದ ಆನೆದಂತದ ವ್ಯಾಪಾರಕ್ಕೂ ಇಲ್ಲಿ ನಿಷೇಧವಿದೆ. ಕಡಲಾಮೆಯ ಚಿಪ್ಪಿನ ಬಾಚಣಿಗೆಗಳಿಗೂ ಇದೇ ಮಾತು. ಮರದ ನೆತ್ಸುಕೆಗಳು ದಂತದವಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ.

ಎಲ್ಲಿ, ಹೇಗೆ ಕೊಳ್ಳಬೇಕು

ಕ್ಯೋಟೊದಲ್ಲಿ ಪ್ರತಿ ತಿಂಗಳ 21ರಂದು ತೋಜಿ ದೇವಾಲಯದ ಆವರಣದಲ್ಲಿ, 25ರಂದು ಕಿತಾನೊ ತೆನ್‌ಮಾಂಗು ಗುಡಿಯಲ್ಲಿ ಸಂತೆ ಸೇರುತ್ತದೆ. ಬೆಳಗಿನ ಜಾವವೇ ಹೋದವರಿಗೆ ಆಯ್ಕೆ, ಸಂಜೆ ಗಂಟುಕಟ್ಟುವ ಹೊತ್ತಿಗೆ ಹೋದವರಿಗೆ ಬೆಲೆ. ಅರಿತದಲ್ಲಿ ಏಪ್ರಿಲ್ 29ರಿಂದ ಮೇ 5ರವರೆಗೆ ನಡೆಯುವ ಪಿಂಗಾಣಿ ಜಾತ್ರೆಯಲ್ಲಿ ಊರಿಗೆ ಊರೇ ಅಂಗಡಿಯಾಗುತ್ತದೆ; ಮಶಿಕೊದಲ್ಲಿ ವಸಂತ ಮತ್ತು ಶರತ್ಕಾಲದ ಎರಡು ಜಾತ್ರೆಗಳಲ್ಲಿ ಕುಂಬಾರರೇ ಕೂತು ಮಾರುತ್ತಾರೆ. ಸಂತೆಯಲ್ಲಿ ಮೆಲ್ಲನೆ ಬೆಲೆ ಕೇಳುವುದುಂಟು, ನಮ್ಮಂತೆ ಅರ್ಧಕ್ಕೆ ಇಳಿಸಿ ಕೇಳಿದರೆ ಮಾತೇ ನಿಂತುಹೋಗುತ್ತದೆ. 2–3 ವಸ್ತುಗಳನ್ನು ಒಟ್ಟಿಗೆ ತೆಗೆದಿಟ್ಟು ಸ್ವಲ್ಪ ಕಡಿಮೆ ಮಾಡುವಿರಾ ಎಂದು ಕೇಳುವುದು ರೂಢಿ. ಕುಂಬಾರನೇ ಮಾರುವ ಕಡೆ ಚೌಕಾಶಿ ಬೇಡ. ತಟ್ಟೆ ಬಟ್ಟಲುಗಳ ಸೆಟ್ಟು ಅಲ್ಲಿ ಐದರದ್ದು, ನಮ್ಮ ಅರ್ಧ ಡಜನ್ನಿನದಲ್ಲ. ನಾಲ್ಕೇ ಇದ್ದರೆ ಒಂದು ಒಡೆದಿದೆಯೆಂದು ಅರ್ಥ, ಬೆಲೆಯೂ ಆ ಪ್ರಕಾರ ಇಳಿಯಬೇಕು. ಅಳತೆಯನ್ನು ಸುನ್ ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ಸುನ್ ಸುಮಾರು 3.03 ಸೆಂಟಿಮೀಟರು, ಐದು ಸುನ್ ತಟ್ಟೆ ಸುಮಾರು 15 ಸೆಂಟಿಮೀಟರಿನದು.

ಆನ್‌ಲೈನ್ ಹರಾಜಿನಲ್ಲಿ ಹೊರದೇಶದವರು ಮಧ್ಯವರ್ತಿ ಸೇವೆಗಳ ಮೂಲಕವೇ ಕೂಗಬೇಕಾಗುವುದು ಸಾಮಾನ್ಯ. ವಸ್ತುವಿನ ಬೆಲೆಗೆ ಮಧ್ಯವರ್ತಿಯ ಶುಲ್ಕ, ಜಪಾನಿನೊಳಗಿನ ಸಾಗಣೆ, ಅಂತರರಾಷ್ಟ್ರೀಯ ಅಂಚೆ, ಇಲ್ಲಿನ ಸುಂಕ ಎಲ್ಲವನ್ನೂ ಕೂಡಿಸಿ ಮಿತಿ ಹಾಕಿಕೊಂಡ ನಂತರವೇ ಕೂಗಿ. ತಳದ ಚಿತ್ರ, ಅಂಚಿನ ಚಿತ್ರ, ಪೆಟ್ಟಿಗೆಯ ಬರಹದ ಚಿತ್ರ ಇಲ್ಲದ ವಸ್ತುವನ್ನು ಕೇಳಲೇಬೇಡಿ.

ಮನೆಗೆ ತರುವುದು

ಜಪಾನಿನಲ್ಲಿ ರಾಷ್ಟ್ರೀಯ ನಿಧಿ ಮತ್ತು ಮುಖ್ಯ ಸಾಂಸ್ಕೃತಿಕ ಆಸ್ತಿ ಎಂದು ಘೋಷಿತವಾದವುಗಳನ್ನು ಹೊರಗೆ ಒಯ್ಯುವಂತಿಲ್ಲ. ಸಂತೆಯ ತಟ್ಟೆಗೆ ಆ ತೊಂದರೆಯಿಲ್ಲ. ಭಾರತದ ಕಸ್ಟಮ್ಸ್‌ಗೆ ನಿಜವಾದ ಬೆಲೆಯನ್ನೇ ಹೇಳಿ, ರಸೀದಿ ಮತ್ತು ವಸ್ತುವಿನ ಕಾಲದ ಬಗ್ಗೆ ಮಾರಾಟಗಾರನ ಬರಹವನ್ನು ಜೊತೆಗಿಡಿ. ಸುಂಕದ ದರಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ್ದನ್ನು ವಿಚಾರಿಸಿಕೊಳ್ಳಬೇಕು. ನೂರು ವರ್ಷ ದಾಟಿದ ಕಲಾವಸ್ತುವನ್ನು ಇಲ್ಲಿಂದ ಖಾಸಗಿಯಾಗಿ ಹೊರದೇಶಕ್ಕೆ ಕಳಿಸುವುದಕ್ಕೆ 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಕಟ್ಟುಪಾಡಿದೆ. ಮುಂದೊಂದು ದಿನ ವಿದೇಶದಲ್ಲಿರುವ ಮಕ್ಕಳಿಗೆ ಕೊಡುವ ಯೋಚನೆಯಿದ್ದರೆ ಆಮದಿನ ಕಾಗದಗಳನ್ನು ಜೋಪಾನವಾಗಿಡಿ, ಕಾನೂನು ಬಲ್ಲವರನ್ನು ಮೊದಲೇ ಕೇಳಿ. ಕಟ್ಟುವಾಗ ಪ್ರತಿ ವಸ್ತುವನ್ನೂ ಬೇರೆಬೇರೆ ಸುತ್ತಿ, ಒಂದು ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ ಇಡಿಸಿ. ಮಣ್ಣಿನ ಮೇಲೋ ಮರದ ಪೆಟ್ಟಿಗೆಯ ಮೇಲೋ ಅಂಟುಪಟ್ಟಿ ಹಚ್ಚಲು ಬಿಡಬೇಡಿ.

ಬಳಕೆ, ಕಾಪಾಡುವಿಕೆ ಮತ್ತು ದಾಖಲೆ

ಬಳಸಬಹುದಾದದ್ದನ್ನು ಬಳಸಿ. ಬಿಜೆನ್, ಶಿಗರಕಿ, ಹಗಿಯಂಥ ಮಣ್ಣಿನ ಪಾತ್ರೆಗಳನ್ನು ಪ್ರತಿ ಸಲ ಬಳಸುವ ಮುನ್ನ ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿದರೆ ಎಣ್ಣೆ ಮತ್ತು ಬಣ್ಣ ಒಳಗಿಳಿಯುವುದು ಕಡಿಮೆಯಾಗುತ್ತದೆ. ಬಿರುಕುಬಲೆಯ ಹೊಸ ಬಟ್ಟಲನ್ನು ಮೊದಲ ಬಾರಿ ಅಕ್ಕಿ ತೊಳೆದ ನೀರಿನಲ್ಲಿ ಸಣ್ಣ ಉರಿಯಲ್ಲಿ ಕುದಿಸಿ ತಣಿಯಲು ಬಿಡುವುದು ಅಲ್ಲಿನ ಪದ್ಧತಿ. ಪಿಷ್ಟ ಸಣ್ಣ ರಂಧ್ರಗಳನ್ನು ತುಂಬುತ್ತದೆ. ಇಷ್ಟಾದರೂ ಅರಿಶಿನ ಹಾಕಿದ ಸಾರು, ಗೊಜ್ಜುಗಳನ್ನು ಹಗಿ ಬಟ್ಟಲಿಗೆ ಹಾಕಬೇಡಿ. ಆ ಹಳದಿ ಹೋಗುವುದಿಲ್ಲ. ಮೊಸರನ್ನ, ಹಣ್ಣು, ಸಿಹಿ ಇವಕ್ಕೆ ಅಡ್ಡಿಯಿಲ್ಲ. ಗ್ಲೇಜಿನ ಮೇಲೆ ಬಣ್ಣ ಬರೆದ ಹಳೆಯ ತಟ್ಟೆಗಳ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಹುಣಸೆ, ನಿಂಬೆ, ಉಪ್ಪಿನಕಾಯಿಯಂಥ ಹುಳಿಯನ್ನು ಅವುಗಳಿಗೆ ತಾಗಿಸಬಾರದು, ಒಟ್ಟಾರೆ ಅವುಗಳಲ್ಲಿ ಊಟ ಮಾಡದಿರುವುದೇ ಒಳ್ಳೆಯದು. ಚಿನ್ನ ಅಥವಾ ಕಿಂತ್ಸುಗಿ ಇರುವುದನ್ನು ಮೈಕ್ರೊವೇವಿಗಾಗಲಿ ಪಾತ್ರೆ ತೊಳೆಯುವ ಯಂತ್ರಕ್ಕಾಗಲಿ ಹಾಕುವಂತಿಲ್ಲ.

ಉರುಶಿಗೆ ಬಿಸಿಲು ಶತ್ರು, ಒಣಹವೆಯೂ ಶತ್ರು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅಥವಾ ಸದಾ ಏಸಿ ಓಡುವ ಕೋಣೆಯಲ್ಲಿ ಮುಚ್ಚಿದ ಕಪಾಟಿನೊಳಗೆ ಒಂದು ಲೋಟ ನೀರಿಟ್ಟರೆ ಒಳಿತು. ಕರಾವಳಿ ಮತ್ತು ಮಲೆನಾಡಿನಲ್ಲಿ ಸಮಸ್ಯೆ ತಿರುಗಾಮುರುಗಾ: ಮಳೆಗಾಲದಲ್ಲಿ ರೇಷ್ಮೆ ಚೀಲಕ್ಕೂ ಕಿರಿ ಪೆಟ್ಟಿಗೆಗೂ ಬೂಷ್ಟು ಹಿಡಿಯುತ್ತದೆ. ತೊಳೆದ ಮಣ್ಣಿನ ಪಾತ್ರೆಯನ್ನು ಎರಡು ಮೂರು ದಿನ ಪೂರ್ತಿ ಒಣಗಿಸಿದ ನಂತರವೇ ಪೆಟ್ಟಿಗೆ ಸೇರಿಸಿ, ಮಳೆ ಬಿಡುವು ಕೊಟ್ಟ ದಿನ ಪೆಟ್ಟಿಗೆಗಳನ್ನು ನೆರಳಿನಲ್ಲಿ ತೆರೆದಿಡಿ.

ಪ್ರತಿ ವಸ್ತುವಿಗೂ ಒಂದು ಹಾಳೆ ಇರಲಿ: ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡದ್ದು, ಮಾರಾಟಗಾರ ಏನೆಂದು ಹೇಳಿದ, ನಿಮಗೆ ಏನನ್ನಿಸಿತು, ಅಳತೆ, ತೂಕ, ಊನಗಳು, ಮುಖ, ತಳ, ಪೆಟ್ಟಿಗೆಯ ಚಿತ್ರಗಳು. ಮಾರಾಟಗಾರನ ಮಾತನ್ನೂ ನಿಮ್ಮ ಅಭಿಪ್ರಾಯವನ್ನೂ ಬೇರೆಬೇರೆ ಬರೆಯಿರಿ, ಕಾಲಕಳೆದಂತೆ ಎರಡನೆಯದನ್ನು ತಿದ್ದಬೇಕಾಗಿ ಬರುತ್ತದೆ. ವಸ್ತುವಿನ ಮೇಲೆ ಅಂಕಿ ಬರೆಯಬೇಡಿ, ಸ್ಟಿಕ್ಕರು ಅಂಟಿಸಬೇಡಿ. ಸಂಖ್ಯೆ ಬರೆದ ಚೀಟಿಯನ್ನು ಪೆಟ್ಟಿಗೆಯೊಳಗೆ ಬಟ್ಟೆಯ ಮಡಿಕೆಯಲ್ಲಿ ಇಡಿ, ಹಳೆಯ ಮಾಲೀಕರ ಚೀಟಿಗಳೇನಾದರೂ ಅಲ್ಲಿದ್ದರೆ ಅವನ್ನೂ ಹಾಗೆಯೇ ಬಿಡಿ.